ಕಾರ್ಬೊನೇಟ್ ಶಿಲೆಗಳ ಜಲ್ಲಿ

ಸುಣ್ಣಕಲ್ಲು ಮತ್ತು ಡಾಲೊಮೈಟ್ ಶಿಲೆಗಳನ್ನು ಒಡೆದು ಕಾಂಕ್ರೀಟಿಗೂ ರಸ್ತೆ ನಿರ್ಮಾಣಕ್ಕೂ ಬಳಸುವ ಜಲ್ಲಿಯನ್ನು ಕಾರ್ಬೊನೇಟ್ ಜಲ್ಲಿ ಎನ್ನುತ್ತಾರೆ. ಇವು ಪದರಶಿಲೆಗಳು; ಒಂದೇ ಗಣಿಯಲ್ಲಿಯೂ ಗಟ್ಟಿ ಪದರದ ಪಕ್ಕದಲ್ಲೇ ಜೇಡಿ ಬೆರೆತ ದುರ್ಬಲ ಪದರವಿರಬಹುದು. ಆದ್ದರಿಂದ ಮೌಲ್ಯಮಾಪನವನ್ನು ಇಡೀ ಗಣಿಗೆ ಒಮ್ಮೆ ಮಾಡಿದರೆ ಸಾಲದು, ಪದರವಾರು ಮಾಡಬೇಕಾಗುತ್ತದೆ.

ಭೌತಿಕ ಪರೀಕ್ಷೆಗಳು

ಭಾರತದಲ್ಲಿ ಐಎಸ್ 383 ಮಾನಕದಂತೆ, ಸವೆತಕ್ಕೆ ಒಳಗಾಗುವ ಮೇಲ್ಮೈಗಳಲ್ಲಿ ಬಳಸುವ ಜಲ್ಲಿಯ ಆಘಾತ ಮೌಲ್ಯವು ಶೇ. 30ನ್ನು, ಇತರ ಕಾಂಕ್ರೀಟಿನಲ್ಲಿ ಶೇ. 45ನ್ನು ಮೀರಬಾರದು. ಜೇಡಿಯುಕ್ತ ಸುಣ್ಣಕಲ್ಲು ನೀರು ಹೀರಿ ಸಡಿಲಗೊಳ್ಳುವುದರಿಂದ ನೀರುಹೀರಿಕೆ ಮತ್ತು ಬಾಳಿಕೆಯ ಪರೀಕ್ಷೆಗಳೂ ಮುಖ್ಯ. ಸೋಡಿಯಂ ಸಲ್ಫೇಟ್ ದ್ರಾವಣದಲ್ಲಿ ಐದು ಆವರ್ತಗಳ ನಂತರ ದಪ್ಪ ಜಲ್ಲಿಯ ತೂಕನಷ್ಟವು ಶೇ. 12ರೊಳಗಿರಬೇಕು.

ಕ್ಷಾರ-ಕಾರ್ಬೊನೇಟ್ ಪ್ರತಿಕ್ರಿಯೆ

ಇಂತಹ ಭೌತಿಕ ಪರೀಕ್ಷೆಗಳಲ್ಲಿ ಉತ್ತೀರ್ಣವಾದ ಶಿಲೆಯೂ ಕಾಂಕ್ರೀಟನ್ನು ಸೀಳಬಲ್ಲದು. ಕೆನಡಾದ ಒಂಟಾರಿಯೊ ಪ್ರಾಂತ್ಯದ ಕಿಂಗ್‌ಸ್ಟನ್‌ನಲ್ಲಿ ಸ್ಥಳೀಯ ಜಲ್ಲಿಯಿಂದ ಮಾಡಿದ ಕಾಂಕ್ರೀಟ್ ಹಿಗ್ಗಿ ಬಿರುಕುಬಿಟ್ಟಿತು. ಕ್ಷಾರದೊಡನೆ ವರ್ತಿಸುವ ಜಲ್ಲಿಯನ್ನು ಪತ್ತೆಹಚ್ಚಲು ಆಗ ರೂಢಿಯಲ್ಲಿದ್ದ ಅಮೆರಿಕದ ಮಾನಕ ಪರೀಕ್ಷೆಗಳು ಈ ಕಲ್ಲಿನ ದೋಷವನ್ನು ತೋರಿಸಲಿಲ್ಲ. ಇದನ್ನು ಇ. ಜಿ. ಸ್ವೆನ್ಸನ್ 1957ರಲ್ಲಿ ವರದಿಮಾಡಿದರು. ಅಲ್ಲಿನದು ಸೂಕ್ಷ್ಮ ಸುಣ್ಣಕಲ್ಲು ಹಾಗೂ ಜೇಡಿಯ ನಡುವೆ ಡಾಲೊಮೈಟಿನ ಚಿಕ್ಕ ಹರಳುಗಳು ಚದುರಿರುವ ಶಿಲೆ. ಸಿಮೆಂಟಿನ ಕ್ಷಾರವು ಈ ಹರಳುಗಳನ್ನು ಬ್ರೂಸೈಟ್ ಮತ್ತು ಕ್ಯಾಲ್ಸೈಟ್ ಆಗಿ ವಿಘಟಿಸುತ್ತದೆ. ಹಿಗ್ಗುವಿಕೆಗೆ ಇದೇ ಕಾರಣವೋ, ಶಿಲೆಯಲ್ಲಿ ಅಡಗಿರುವ ಅತಿಸೂಕ್ಷ್ಮ ಸ್ಫಟಿಕಶಿಲೆಯ ಕಣಗಳು ಕಾರಣವೋ ಎಂಬ ವಿವಾದ ಇನ್ನೂ ಮುಗಿದಿಲ್ಲ. ಆದರೆ ಹಾರುಬೂದಿ ಬೆರೆಸುವ ರೂಢಿಯ ಪರಿಹಾರವು ಇಲ್ಲಿ ಫಲಕಾರಿಯಲ್ಲವೆಂಬುದು ಅನುಭವದಿಂದ ತಿಳಿದಿದೆ. ಅಂತಹ ಪದರವನ್ನು ಗಣಿಯಲ್ಲಿಯೇ ಬಿಟ್ಟುಬಿಡುವುದು ಉತ್ತಮ.

ಪತ್ತೆಗಾಗಿ ಮೊದಲು ಶಿಲೆಯ ತೆಳುಛೇದವನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಬಳಿಕ ಶಿಲೆಯಿಂದ ಕೊರೆದ ಸಣ್ಣ ಉರುಳೆಯನ್ನು ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿಟ್ಟು ಉದ್ದವನ್ನು ಅಳೆಯುತ್ತಾರೆ. ಹಿಗ್ಗುವಿಕೆ ಶೇ. 0.10ನ್ನು ದಾಟಿದರೆ ಕಾಂಕ್ರೀಟ್ ಪಟ್ಟಕಗಳ ಮೇಲೆ ಹೆಚ್ಚಿನ ಪರೀಕ್ಷೆ ಅಗತ್ಯ.

ರಸ್ತೆಗಳಲ್ಲಿ

ಸುಣ್ಣಕಲ್ಲಿಗೆ ಡಾಂಬರು ಚೆನ್ನಾಗಿ ಅಂಟುತ್ತದೆ. ಗ್ರಾನೈಟಿಗಿಂತ ಇದರಲ್ಲಿ ನೀರಿನಿಂದ ಡಾಂಬರು ಕಳಚುವುದು ಕಡಿಮೆ. ಆದರೆ ಕ್ಯಾಲ್ಸೈಟಿನ ಗಡಸುತನ ಮೋಸ್ ಮಾಪಕದಲ್ಲಿ ಕೇವಲ 3 ಆಗಿರುವುದರಿಂದ, ಚಕ್ರಗಳ ಉಜ್ಜುವಿಕೆಗೆ ಜಲ್ಲಿ ನಯವಾಗಿ ಮಳೆಯಲ್ಲಿ ವಾಹನ ಜಾರುವ ಅಪಾಯವಿದೆ. ಹೀಗಾಗಿ ಇದು ಮೇಲ್ಪದರಕ್ಕಿಂತ ತಳಪದರಗಳಿಗೆ ಹೆಚ್ಚು ಸೂಕ್ತ. ಕರ್ನಾಟಕದ ಕಲಬುರಗಿ ಮತ್ತು ಬಾಗಲಕೋಟೆ ಜಿಲ್ಲೆಗಳಲ್ಲಿ ಸುಣ್ಣಕಲ್ಲಿನ ನಿಕ್ಷೇಪಗಳಿದ್ದು, ಅವು ಹೆಚ್ಚಾಗಿ ಸಿಮೆಂಟ್ ತಯಾರಿಕೆಗೂ ಶಹಾಬಾದ್ ಕಲ್ಲಿನಂತಹ ನೆಲಹಾಸಿಗೂ ಬಳಕೆಯಾಗುತ್ತವೆ.