ಅಗಸಿಯ ಕರಿ, ಗಂಜ್‌ನ ಬಂಡೆ: ರಾಯಚೂರು ಸೀಮೆಯ ಕಾರಹುಣ್ಣಿಮೆ

ದೇವದುರ್ಗ, ಮಾನ್ವಿ ಸೀಮೆಯ ಒಕ್ಕಲು ಮನೆಗಳಿಗೆ ಜ್ಯೇಷ್ಠ ಮಾಸದ ಕಾರಹುಣ್ಣಿಮೆ ಎಂದರೆ ಎತ್ತಿನ ಹಬ್ಬ. ಅಂದು ಎತ್ತಿನ ಹೆಗಲಿಗೆ ನೊಗವಿಲ್ಲ. ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಗೊಂಡೆ, ಗೆಜ್ಜೆ, ಜೂಲಗಳಿಂದ ಸಿಂಗರಿಸಿ, ಹೋಳಿಗೆ ತಿನ್ನಿಸುತ್ತಾರೆ. ಸಂಜೆ ಊರಬಾಗಿಲಾದ ಅಗಸಿಯಲ್ಲಿ ಕರಿ ಹರಿಯುವುದು, ಅಂದರೆ ಅಡ್ಡ ಕಟ್ಟಿದ ತೋರಣವನ್ನು ಎತ್ತುಗಳು ಓಡಿಬಂದು ಹರಿಯುವುದು. ಮೊದಲು ಕರಿ ಹರಿದ ಎತ್ತು ಕೆಂದಾದರೆ ಮುಂಗಾರಿ, ಬಿಳಿದಾದರೆ ಹಿಂಗಾರಿ ಕೈಹಿಡಿಯುತ್ತದೆಂಬ ನಂಬಿಕೆ ಉತ್ತರ ಕರ್ನಾಟಕದಲ್ಲಿ ವ್ಯಾಪಕವಾಗಿದೆ. ಇದನ್ನು ಬರಿಯ ಶಕುನವೆಂದು ಬದಿಗಿಡಲಾಗದು. ಮಳೆಯನ್ನೇ ನೆಚ್ಚಿದ ಎರೆಭೂಮಿಯಲ್ಲಿ ಈಗಲೇ ಬಿತ್ತುವುದೋ, ಬಿಳಿಜೋಳಕ್ಕೆಂದು ಹೊಲ ಹದಮಾಡಿಟ್ಟು ಕಾಯುವುದೋ ಎಂಬುದು ವರ್ಷದ ಅನ್ನದ ತೀರ್ಮಾನ. ಆ ಅಳುಕನ್ನು ಇಡೀ ಊರು ಒಟ್ಟಾಗಿ ಹೊರುವ ಸಂಜೆ ಅದು.

ರಾಯಚೂರು ನಗರದಲ್ಲಿ ಅದೇ ಹುಣ್ಣಿಮೆಗೆ ಬೇರೆ ರೂಪ. ಮುನ್ನೂರುಕಾಪು ಸಮಾಜ ನಡೆಸುವ ಮುಂಗಾರು ಸಾಂಸ್ಕೃತಿಕ ರಾಯಚೂರು ಹಬ್ಬದಲ್ಲಿ, ರಾಜೇಂದ್ರ ಗಂಜ್‌ನ ಎಪಿಎಂಸಿ ಅಂಗಳದಲ್ಲಿ, ಜೋಡೆತ್ತುಗಳು ಟನ್‌ಗಟ್ಟಲೆ ತೂಕದ ಬಂಡೆ ಎಳೆಯುತ್ತವೆ; ಗೊತ್ತುಪಡಿಸಿದ ಹೊತ್ತಿನಲ್ಲಿ ಹೆಚ್ಚು ದೂರ ಎಳೆದ ಜೋಡಿಗೆ ಗೆಲುವು. ನೆರೆಯ ತೆಲುಗು ಸೀಮೆಯ ‘ಬಂಡಲಾಗುಡು’ ಇದರ ಒಡಹುಟ್ಟು. ದೂರದ ಬಾಸ್ಕ್ ನಾಡಿನ ಹಳ್ಳಿಹಬ್ಬಗಳಲ್ಲೂ ‘ಇಡಿ ಪ್ರೋಬಾಕ್’ ಎಂಬ, ಎತ್ತುಗಳಿಂದ ಬಂಡೆ ಎಳೆಸುವ ಪಂದ್ಯವಿದೆ. ಇಲ್ಲಿ ಪ್ರಭಾವವನ್ನು ಹುಡುಕಬೇಕಿಲ್ಲ. ಹೊಲದ ಕೆಲಸ ಯಂತ್ರದ ಪಾಲಾದ ಮೇಲೂ ಎರಡೂ ನಾಡುಗಳಲ್ಲಿ ಎತ್ತಿನ ಕಸುವಿಗೆ ಸಾರ್ವಜನಿಕ ಗೌರವ ಉಳಿದಿದೆ ಎಂಬುದಷ್ಟೇ ಮುಖ್ಯ.

ಕರಿಯಿಂದ ಬಂಡೆಯವರೆಗಿನ ಈ ಪಲ್ಲಟದ ಹಿಂದೆ ನೀರಿದೆ. ತುಂಗಭದ್ರಾ ಎಡದಂಡೆ ಕಾಲುವೆ ಮಾನ್ವಿಯ ಜೋಳದ ಹೊಲಗಳನ್ನು ಭತ್ತದ ಗದ್ದೆಗಳಾಗಿಸಿತು. ನಾರಾಯಣಪುರ ಬಲದಂಡೆ ಕಾಲುವೆ ದೇವದುರ್ಗವನ್ನು ತಡವಾಗಿ ಮುಟ್ಟಿತು. ಕಾಲುವೆಗೆ ನೀರು ಬಿಡುವ ದಿನವೇ ನಾಟಿಯ ದಿನವಾದಲ್ಲಿ ಕರಿಗೆ ಕೇಳಲು ಪ್ರಶ್ನೆಯೇ ಉಳಿಯುವುದಿಲ್ಲ. ಹಬ್ಬ ಮಳೆಯ ಮಾತು ಬಿಟ್ಟು ಬಲದ ಮಾತಾಡತೊಡಗುತ್ತದೆ.

ಇದನ್ನು ಅವನತಿ ಎಂದು ನಾನು ಕರೆಯಲಾರೆ. ಪಂದ್ಯವಿಲ್ಲದಿದ್ದರೆ ಬಂಡೆ ಎಳೆಯಬಲ್ಲ ಎತ್ತುಗಳನ್ನು ಅಷ್ಟು ಖರ್ಚಿನಲ್ಲಿ ಸಾಕುವವರು ವಿರಳ. ಎತ್ತಿನ ಓಟಗಳನ್ನು ನಿಷೇಧಿಸಿದ 2014ರ ಸುಪ್ರೀಂ ಕೋರ್ಟ್ ತೀರ್ಪಿನ ಬಳಿಕ ಕರ್ನಾಟಕ 2017ರಲ್ಲಿ ಕಂಬಳ, ಎತ್ತಿನ ಓಟಗಳಿಗಾಗಿ ಕಾನೂನು ತಿದ್ದಿತು; 2023ರಲ್ಲಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಎತ್ತಿಗೆ ನೋವಾಗಬಾರದೆಂಬ ಆ ಕಾನೂನಿನ ಷರತ್ತು ಬಂಡೆಯ ಕಣದಲ್ಲೂ ಕಟ್ಟುನಿಟ್ಟಾಗಬೇಕು. ಬಾರುಕೋಲಿನ ಪೆಟ್ಟಿನಿಂದ ಬಂದ ಗೆಲುವು ಎತ್ತಿನ ಗೆಲುವಲ್ಲ.

ನನ್ನ ಆತಂಕ ತಳಿಯದು. ಇದೇ ಎರೆಮಣ್ಣಿನ ಉಳುಮೆಗೆ ಹೆಸರಾದ ಕೃಷ್ಣಾ ಕಣಿವೆ ತಳಿ ಕ್ಷೀಣಿಸುತ್ತಿದೆ. ಬಹುಮಾನವು ಕಸುವನ್ನು ನೋಡುತ್ತದೆಯೇ ಹೊರತು ತಳಿಯನ್ನಲ್ಲ. ಗಂಜ್‌ನ ಕಣದಲ್ಲಿ ಈ ತಳಿಯ ಜೋಡಿಗಳಿಗೆಂದೇ ಒಂದು ಪ್ರತ್ಯೇಕ ವಿಭಾಗ ಬೇಕು. ರಾಯಚೂರು ಕೃಷಿ ವಿಶ್ವವಿದ್ಯಾಲಯವು ತನ್ನ ಕೃಷಿ ಮೇಳದಲ್ಲಿ ಅವುಗಳ ಸಾಕಣೆದಾರರಿಗೆ ಯಂತ್ರಗಳ ಪಕ್ಕದಲ್ಲೇ ಜಾಗ ಕೊಡಬೇಕು.