ಸಹಿ ಹಾಕಿದ್ದು ಯಾರು? ವಡಗಾಂವ್ ಕರಾರಿನ ಕಥೆ

ಪುಣೆಯಿಂದ ಹಳೇ ಹೈವೇಲಿ ಮುಂಬೈಗೆ ಹೊರಟರೆ ತಳೇಗಾಂವ್ ಆದಮೇಲೆ ವಡಗಾಂವ್ ಸಿಗುತ್ತೆ. ಎಷ್ಟೋ ಸಲ ನಾನು ಸುಮ್ಮನೆ ದಾಟಿದ್ದೇನೆ. 1779ರ ಜನವರಿಯಲ್ಲಿ ಮರಾಠರು ಇಲ್ಲೇ ಕಂಪನಿಯ ಮುಂಬೈ ಸೈನ್ಯವನ್ನು ಸುತ್ತುವರಿದು, ಸಾಷ್ಟಿ ಸೇರಿ ಹೊಸದಾಗಿ ಹಿಡಿದ ಜಾಗಗಳನ್ನು ಬಿಟ್ಟುಕೊಡುವ ಕರಾರು ಬರೆಸಿಕೊಂಡರು. ಸೈನ್ಯ ಪಾರಾಯಿತು. ಆಮೇಲೆ ಕಂಪನಿ ತೆಗೆದ ತಕರಾರು: ಸಹಿ ಹಾಕಿದವರಿಗೆ ಅಧಿಕಾರವೇ ಇರಲಿಲ್ಲ! ತಮಾಷೆ ಅಂದ್ರೆ, ಮಾತುಕತೆಗೆ ಬಂದ ಕಂಪನಿಯವರು ಸಹಿಗೆ ಮುಂಚೆಯೇ ಇದನ್ನು ಹೇಳಿದ್ದರು. ಯುದ್ಧ 1782ರ ಸಾಲಬಾಯಿ ಒಪ್ಪಂದದವರೆಗೂ ಎಳೆಯಿತು.

ಮೋಸ ಅಂತೀರಾ? ನನಗೂ ಹಾಗೇ ಅನ್ನಿಸುತ್ತೆ. ಆದರೆ ಇವತ್ತಿನ ಸರ್ಕಾರಿ ಪ್ರಾಜೆಕ್ಟಲ್ಲೂ ಅದೇ ಪ್ರಶ್ನೆ. ಸಂವಿಧಾನದ 299ನೇ ವಿಧಿ ಪ್ರಕಾರ ಕಾಂಟ್ರಾಕ್ಟು ರಾಷ್ಟ್ರಪತಿ ಅಥವಾ ರಾಜ್ಯಪಾಲರ ಹೆಸರಲ್ಲಿರಬೇಕು, ಅಧಿಕಾರ ಪಡೆದವರೇ ಸಹಿ ಹಾಕಬೇಕು. ಇಂಥದೇ ಹಳೇ ನಿಯಮ ತಪ್ಪಿದ್ದಕ್ಕೆ, ರೈಲ್ವೆ ಅಧಿಕಾರಿಯೊಬ್ಬರು ಕೊಟ್ಟ ಧಾನ್ಯದ ಆರ್ಡರು ಭಿಕ್‌ರಾಜ್ ಜೈಪುರಿಯಾ ಕೇಸಲ್ಲಿ, ಸುಪ್ರೀಂ ಕೋರ್ಟಿನ ಮುಂದೆ ನಿಲ್ಲಲಿಲ್ಲ. ಮಾಡಿಕೊಟ್ಟ ಕೆಲಸವನ್ನು ಸರ್ಕಾರ ಒಪ್ಪಿ ಬಳಸಿಕೊಂಡಿದ್ದರೆ ಕರಾರು ಕಾಯಿದೆಯ 70ನೇ ಸೆಕ್ಷನ್ನಿನಲ್ಲಿ ಪರಿಹಾರ ಕೇಳಬಹುದು, ಅದೂ ಕೋರ್ಟು ಹತ್ತಿ.

"ಸಾಹೇಬ್ರು ಮೇಲಲ್ಲಿ ಓಕೆ ಅಂದಿದ್ದಾರೆ, ಕೋಡಿಂಗ್ ಶುರು ಮಾಡಿ" ಅಂದಾಗ ನಾನೀಗ ವರ್ಕ್ ಆರ್ಡರಿನ ಕೊನೇ ಪುಟ ಮೊದಲು ತೆಗೀತೀನಿ.