ಕೇಳದೆ ಬರುವ ತಂತ್ರಾಂಶ, ಕೈಗೆಟುಕದ ಹೊಣೆ: ದಾವಣಗೆರೆ ಜಿಲ್ಲೆಯ ನಾಲ್ಕು ತಾಲ್ಲೂಕುಗಳಲ್ಲಿ ಮನೆಯ ಟಿ.ವಿ. ಸಾಧನಗಳ ಫರ್ಮ್‌ವೇರ್ ಅಪ್‌ಡೇಟ್

ಸೆಟ್‌ಟಾಪ್ ಬಾಕ್ಸ್, ಸ್ಮಾರ್ಟ್ ಟಿ.ವಿ., ಟಿ.ವಿ.ಯ ಹಿಂದೆ ಸಿಕ್ಕಿಸುವ ಸ್ಟಿಕ್, ಹೋಮ್ ಥಿಯೇಟರ್ ಇವೆಲ್ಲವನ್ನೂ ಒಳಗಿನಿಂದ ನಡೆಸುವ ತಂತ್ರಾಂಶಕ್ಕೆ ಫರ್ಮ್‌ವೇರ್ ಎನ್ನುತ್ತಾರೆ. ಗ್ರಾಹಕರು ಹಣ ಕೊಟ್ಟು ಮನೆಗೆ ತಂದ ಮೇಲೂ ಕಂಪನಿ ಅದನ್ನು ದೂರದಿಂದಲೇ ಬದಲಿಸುತ್ತಿರುತ್ತದೆ. ಬದಲಾವಣೆ ಸುಸೂತ್ರವಾದರೆ ಯಾರ ಗಮನಕ್ಕೂ ಬರುವುದಿಲ್ಲ. ಎಡವಿದರೆ ನಿನ್ನೆ ರಾತ್ರಿ ಸರಿಯಿದ್ದ ಟಿ.ವಿ. ಇಂದು ಲೋಗೋ ತೋರಿಸಿ ಅಲ್ಲೇ ನಿಲ್ಲುತ್ತದೆ, ಇಲ್ಲವೆ ತಾನಾಗಿ ಆಫ್ ಆಗಿ ಆನ್ ಆಗುತ್ತಲೇ ಇರುತ್ತದೆ. ಕೆಡಿಸಿದವರು ಒಬ್ಬರು, ಬೈಸಿಕೊಳ್ಳುವವರು ಇನ್ನೊಬ್ಬರು, ಸರಿಪಡಿಸುವ ಕೀಲಿ ಇರುವುದು ಮತ್ತೆಲ್ಲೋ. ಬಳಕೆದಾರರ ಹತಾಶೆ ಹುಟ್ಟುವುದು ಈ ಒಡಕಿನಲ್ಲಿ ಎಂಬುದನ್ನು ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳ ಪರಿಸ್ಥಿತಿಯನ್ನು ಮುಂದಿಟ್ಟುಕೊಂಡು ಇಲ್ಲಿ ಮಂಡಿಸಲಾಗಿದೆ. ಇದು ಸಮೀಕ್ಷೆಯ ಲೇಖನವಲ್ಲ. ತಂತ್ರಜ್ಞಾನದ ರಚನೆ, ವಿದ್ಯುತ್ ಪೂರೈಕೆಯ ಸ್ವರೂಪ ಮತ್ತು ಕಾನೂನಿನ ಪಠ್ಯ ಇದರ ಆಧಾರ.

1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ರೂಪುಗೊಂಡಾಗ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದು ಸೇರಿದವು. ನ್ಯಾಮತಿ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದದ್ದು 2018ರಲ್ಲಿ. ಆಡಳಿತದ ಗಡಿ ಬದಲಾದರೂ ಪೇಟೆಯ ದಾರಿ ಬದಲಾಗಲಿಲ್ಲ. ನ್ಯಾಮತಿಯವರಿಗೆ ಇಂದಿಗೂ ಶಿವಮೊಗ್ಗ ಹತ್ತಿರ, ಜಗಳೂರಿನವರಿಗೆ ಚಿತ್ರದುರ್ಗ ದೂರವಲ್ಲ. ಟಿ.ವಿ. ಕೊಂಡದ್ದು ಒಂದು ಜಿಲ್ಲೆಯ ಅಂಗಡಿಯಲ್ಲಿ, ವಾಸ ಇನ್ನೊಂದು ಜಿಲ್ಲೆಯಲ್ಲಿ ಎನ್ನುವ ಸ್ಥಿತಿ ಇಲ್ಲಿ ಸಾಮಾನ್ಯ. ಅಧಿಕೃತ ಸರ್ವಿಸ್ ಸೆಂಟರ್ ಹುಡುಕುವ ದಿನ ಇದೇ ತೊಡಕಾಗುತ್ತದೆ.

ಇಲ್ಲಿನ ಮನೆಗಳಿಗೆ ತಂತ್ರಾಂಶವಿರುವ ಬಾಕ್ಸ್ ಬಂದದ್ದು ಹೆಚ್ಚಿನ ಮಟ್ಟಿಗೆ ಜನರ ಆಯ್ಕೆಯಿಂದಲ್ಲ, ಕಾನೂನಿನಿಂದ. ಕೇಬಲ್ ಡಿಜಿಟಲೀಕರಣದ ಮೂರನೇ ಹಂತದಲ್ಲಿ ಪಟ್ಟಣಗಳಿಗೆ 2015ರ ಡಿಸೆಂಬರ್ 31 ಗಡುವಾಗಿತ್ತು. ನಾಲ್ಕನೇ ಹಂತದಲ್ಲಿ ಹಳ್ಳಿಗಳಿಗೆ ಮೊದಲು 2016ರ ಡಿಸೆಂಬರ್, ಆಮೇಲೆ 2017ರ ಮಾರ್ಚ್ 31. ಅದುವರೆಗೆ ವೈರು ಎಳೆದು ನೇರ ಟಿ.ವಿ.ಗೆ ಸಿಕ್ಕಿಸುತ್ತಿದ್ದ ಕೇಬಲ್‌ನವರು ಒಂದೊಂದು ಮನೆಗೂ ಒಂದೊಂದು ಪುಟ್ಟ ಕಂಪ್ಯೂಟರ್ ಇಟ್ಟು ಬರಬೇಕಾಯಿತು. 2019ರ ಫೆಬ್ರುವರಿ 1ರಿಂದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ ಹೊಸ ದರ ವ್ಯವಸ್ಥೆ ಬಂದು, ಚಾನೆಲ್‌ಗಳ ಆಯ್ಕೆಯೂ ಆ ಬಾಕ್ಸ್ ಮೂಲಕವೇ ನಡೆಯತೊಡಗಿತು. ತಿಂಗಳ ಬಾಡಿಗೆಯಿಲ್ಲದ ಡಿ.ಡಿ. ಫ್ರೀ ಡಿಶ್ ನೋಡುವವರದು ಬೇರೆ ಪಾಡು. 93.5 ಡಿಗ್ರಿ ಪೂರ್ವದಲ್ಲಿರುವ ಜಿಸ್ಯಾಟ್-15 ಉಪಗ್ರಹದಿಂದ ಚಿತ್ರವೇನೋ ಉಚಿತವಾಗಿ ಬರುತ್ತದೆ. ಆದರೆ ಪೇಟೆಯಲ್ಲಿ ಕೊಂಡ ಬಾಕ್ಸ್‌ನ ತಂತ್ರಾಂಶಕ್ಕೆ ಜವಾಬ್ದಾರರೆಂದು ಫೋನ್ ಮಾಡಲು ಯಾರೂ ಇಲ್ಲ.

ಡಿ.ಟಿ.ಎಚ್. ಬಾಕ್ಸ್‌ನಲ್ಲಿ ಅಪ್‌ಡೇಟ್ ನಡೆಯುವ ಬಗೆಯನ್ನು ಸ್ವಲ್ಪ ವಿವರವಾಗಿ ನೋಡಬೇಕು. ಹೊಸ ತಂತ್ರಾಂಶವನ್ನು ಸಣ್ಣ ತುಣುಕುಗಳಾಗಿಸಿ, ಜಾತ್ರೆಯ ತಿರುಗುತೊಟ್ಟಿಲಿನಂತೆ ಮತ್ತೆ ಮತ್ತೆ ಸುತ್ತಿಸಿ ಉಪಗ್ರಹದಿಂದ ಬಿತ್ತರಿಸಲಾಗುತ್ತದೆ. ಒಂದು ತುಣುಕು ತಪ್ಪಿದರೆ ಮುಂದಿನ ಸುತ್ತಿನಲ್ಲಿ ಸಿಗುತ್ತದೆ. ಹಾಗಾಗಿ, ಮಳೆಗೆ ಸಿಗ್ನಲ್ ಹೋದದ್ದರಿಂದ ಬಾಕ್ಸ್ ಕೆಟ್ಟಿತು ಎನ್ನುವುದು ಬಹುಮಟ್ಟಿಗೆ ಸರಿಯಲ್ಲ. ಮಳೆ ಕೆಲಸವನ್ನು ತಡಮಾಡುತ್ತದೆ, ಅಷ್ಟೆ. ಅಪಾಯವಿರುವುದು ಅದರ ನಂತರದ ಕೆಲವು ನಿಮಿಷಗಳಲ್ಲಿ, ಬಂದ ತಂತ್ರಾಂಶವನ್ನು ಫ್ಲ್ಯಾಶ್ ಮೆಮೊರಿಗೆ ಬರೆಯುವಾಗ. ಹಳೆಯದು ಅಳಿಸಿದೆ, ಹೊಸದು ಅರ್ಧ ಬರೆದಿದೆ, ಅಷ್ಟರಲ್ಲಿ ಕರೆಂಟ್ ಹೋಯಿತು ಎಂದರೆ ಬಾಕ್ಸ್ ಏಳಲು ಬೇಕಾದ ಸೂಚನೆಯೇ ಅದರೊಳಗೆ ಉಳಿಯದೆ ಹೋಗಬಹುದು. ಇದಕ್ಕೆ ಪರಿಹಾರ ಗೊತ್ತಿಲ್ಲದ್ದೇನಲ್ಲ. ಮೆಮೊರಿಯಲ್ಲಿ ಎರಡು ಭಾಗಗಳನ್ನಿಟ್ಟು, ಹೊಸದು ಪೂರ್ತಿ ಬರೆದು ಪರೀಕ್ಷೆಯಾಗುವವರೆಗೆ ಹಳೆಯದನ್ನು ಮುಟ್ಟದಿರುವ ಪದ್ಧತಿ ಇದೆ. ಆಂಡ್ರಾಯ್ಡ್‌ನಲ್ಲಿ ಅದು 2016ರಲ್ಲೇ 7ನೇ ಆವೃತ್ತಿಯೊಂದಿಗೆ ಬಂದಿದೆ. ಅದಕ್ಕೆ ಹೆಚ್ಚು ಮೆಮೊರಿ ಬೇಕು. ಬಾಕ್ಸ್‌ನ ಬೆಲೆ ಇಳಿಸುವ ಪೈಪೋಟಿಯಲ್ಲಿ ಮೊದಲು ಕತ್ತರಿ ಬೀಳುವುದೂ ಮೆಮೊರಿಗೇ.

ಕರೆಂಟಿನ ವಿಷಯ ಇಲ್ಲಿ ನಿರ್ಣಾಯಕ. ದಾವಣಗೆರೆ ಜಿಲ್ಲೆ ವಿದ್ಯುತ್ ಸರಬರಾಜು ಕಂಪನಿ ಬೆಸ್ಕಾಂನ ವ್ಯಾಪ್ತಿಯಲ್ಲಿದೆ. ಪಂಪ್‌ಸೆಟ್ ಲೈನನ್ನು ಬೇರ್ಪಡಿಸಿ ಹಳ್ಳಿಯ ಮನೆಗಳಿಗೆ ದಿನವಿಡೀ ವಿದ್ಯುತ್ ಕೊಡುವ ನಿರಂತರ ಜ್ಯೋತಿ ಯೋಜನೆ ಊರೊಳಗಿನ ಮನೆಗಳಿಗಾಗಿ ರೂಪುಗೊಂಡದ್ದು. ಚನ್ನಗಿರಿ ಸೀಮೆಯ ಅಡಿಕೆ ತೋಟಗಳ ನಡುವೆ, ಊರಿಂದಾಚೆ ಇರುವ ತೋಟದ ಮನೆಗಳು ಪಂಪ್‌ಸೆಟ್ ಲೈನನ್ನೇ ನೆಚ್ಚಿಕೊಂಡಿದ್ದರೆ ಅಲ್ಲಿ ಕರೆಂಟು ಪಾಳಿಯ ಪ್ರಕಾರ ಬರುತ್ತದೆ, ಪಾಳಿಯ ಪ್ರಕಾರ ಹೋಗುತ್ತದೆ. ಅದಕ್ಕಿಂತ ಮುಖ್ಯವಾದದ್ದು ಮನೆಯವರ ರೂಢಿ. ಮಲಗುವ ಮುನ್ನ ಟಿ.ವಿ.ಯ ಸ್ವಿಚ್ಚನ್ನು ಗೋಡೆಯಲ್ಲೇ ಆರಿಸುವುದು ನಮ್ಮ ಹಳ್ಳಿಮನೆಗಳ ಶಿಸ್ತು. ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯಲ್ಲಂತೂ ಪ್ಲಗ್ಗನ್ನೇ ಕಿತ್ತಿಡುತ್ತಾರೆ. ಸಿಡಿಲಿಗೆ ಬೋರ್ಡ್ ಕಳೆದುಕೊಂಡ ಮನೆಯವರು ಮತ್ತೊಮ್ಮೆ ಆ ತಪ್ಪು ಮಾಡುವುದಿಲ್ಲ. ಅಪ್‌ಡೇಟ್ ರೂಪಿಸುವವರ ಎಣಿಕೆ ಇದಕ್ಕೆ ತದ್ವಿರುದ್ಧ. ನಡುರಾತ್ರಿ ಬಾಕ್ಸ್ ಸ್ಟ್ಯಾಂಡ್‌ಬೈನಲ್ಲಿ ಎಚ್ಚರವಾಗಿರುತ್ತದೆ, ಆಗ ಕೆಲಸ ಮುಗಿಸಬಹುದು ಎಂದು ಅವರು ಲೆಕ್ಕ ಹಾಕಿರುತ್ತಾರೆ. ರಾತ್ರಿ ಬಾಕ್ಸ್ ಆರಿರುವುದರಿಂದ ಅಪ್‌ಡೇಟ್ ಸಂಜೆ ಟಿ.ವಿ. ಹಾಕಿದಾಗ, ಮನೆಮಂದಿ ಕೂತು ನೋಡುವ ಹೊತ್ತಿಗೆ ಎದುರಾಗುತ್ತದೆ. ಆಫ್ ಮಾಡಬೇಡಿ ಎಂಬ ಎಚ್ಚರಿಕೆ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ. ಎಷ್ಟು ಹೊತ್ತು ಎಂಬುದು ಗೊತ್ತಾಗುವುದಿಲ್ಲ. ಹ್ಯಾಂಗ್ ಆಗಿದೆ ಎಂದುಕೊಂಡು ಯಾರೋ ಸ್ವಿಚ್ ಆರಿಸಿ ಹಾಕುತ್ತಾರೆ. ಮಿತವ್ಯಯ, ಎಚ್ಚರಿಕೆ, ಸಾಮಾನ್ಯ ಬುದ್ಧಿ ಮೂರೂ ಸೇರಿ ಸಾಧನವನ್ನು ಕೆಡಿಸುವಂಥ ವಿನ್ಯಾಸವಿದ್ದರೆ ತಪ್ಪು ವಿನ್ಯಾಸದ್ದು. ಅದನ್ನು ಗ್ರಾಹಕರ ಅಜ್ಞಾನ ಎಂದು ಕರೆಯುವುದು ಅನ್ಯಾಯ.

ಇದು ಹಳ್ಳಿಗೆ ಸೀಮಿತವಾದ ಸಂಗತಿಯಲ್ಲ ಎಂಬುದಕ್ಕೆ ಹೊರಗಿನ ಎರಡು ಪ್ರಕರಣಗಳು ಸಾಕು. 2020ರ ಜೂನ್‌ನಲ್ಲಿ ಸ್ಯಾಮ್‌ಸಂಗ್‌ನ ಹಲವು ಬ್ಲೂರೇ ಪ್ಲೇಯರ್ ಮತ್ತು ಹೋಮ್ ಥಿಯೇಟರ್‌ಗಳು ಅನೇಕ ದೇಶಗಳಲ್ಲಿ ಒಮ್ಮೆಲೇ ಆಫ್-ಆನ್ ಸುಳಿಗೆ ಸಿಕ್ಕವು. ಸರ್ವರ್‌ನಿಂದ ಬಂದ ಒಂದು ಸಣ್ಣ ಕಡತವನ್ನು ಓದಲಾಗದೆ ಯಂತ್ರ ಕುಸಿಯುತ್ತಿತ್ತು, ಮತ್ತೆ ಎದ್ದಾಗ ಅದೇ ಕಡತವನ್ನು ಓದಲು ಹೋಗಿ ಮತ್ತೆ ಕುಸಿಯುತ್ತಿತ್ತು ಎಂದು ತಂತ್ರಜ್ಞರು ವಿಶ್ಲೇಷಿಸಿದರು. 2025ರ ಮಾರ್ಚ್ 9ರಂದು ಗೂಗಲ್‌ನ ಎರಡನೇ ತಲೆಮಾರಿನ ಕ್ರೋಮ್‌ಕಾಸ್ಟ್‌ಗಳು ನಿಂತುಹೋದವು. ಒಳಗಿದ್ದ ಡಿಜಿಟಲ್ ಪ್ರಮಾಣಪತ್ರದ ಅವಧಿ ತೀರಿತ್ತು. ಫ್ಯಾಕ್ಟರಿ ರೀಸೆಟ್ ಮಾಡಬೇಡಿ ಎಂದು ಕಂಪನಿ ಹೇಳುವಷ್ಟರಲ್ಲಿ ಅನೇಕರು ಮಾಡಿಬಿಟ್ಟಿದ್ದರು. ಕೆಲ ದಿನಗಳಲ್ಲಿ ಪರಿಹಾರ ಬಂದರೂ ರೀಸೆಟ್ ಮಾಡಿದವರಿಗೆ ತೊಂದರೆ ಮುಂದುವರಿಯಿತು. ಸ್ವತಃ ಪ್ರಯತ್ನಿಸಿದವರೇ ಹೆಚ್ಚು ಕಷ್ಟಪಟ್ಟರು.

ಆ ಸ್ಯಾಮ್‌ಸಂಗ್ ಪ್ರಕರಣ ನಡೆದ ಮರುತಿಂಗಳು, 2020ರ ಜುಲೈನಲ್ಲಿ, ಶಾಲೆಗಳು ಮುಚ್ಚಿದ್ದಾಗ ಕರ್ನಾಟಕದಲ್ಲಿ ದೂರದರ್ಶನ ಚಂದನದಲ್ಲಿ ಸಂವೇದ ಪಾಠಗಳು ಶುರುವಾದವು. ಹೈಸ್ಕೂಲು ಮಕ್ಕಳಿಗೆ ಟಿ.ವಿ.ಯೇ ತರಗತಿಯಾಯಿತು. ಅಂಥ ದಿನಗಳಲ್ಲಿ ಲೋಗೋದಲ್ಲೇ ನಿಂತ ಬಾಕ್ಸನ್ನು ಮನರಂಜನೆಯ ಸಣ್ಣ ಕಿರಿಕಿರಿ ಎಂದು ತಳ್ಳಿಹಾಕಲಾಗದು.

ಬಾಕ್ಸ್ ನಿಂತಾಗ ಮೊದಲ ಕರೆ ಹೋಗುವುದು ಕೇಬಲ್‌ನವರಿಗೆ, ಇಲ್ಲವೆ ಊರಿನ ಟಿ.ವಿ. ರಿಪೇರಿ ಅಂಗಡಿಗೆ. ಕೇಬಲ್‌ನವರು ತಂತ್ರಾಂಶವನ್ನು ಬರೆದವರಲ್ಲ, ಕಳುಹಿಸಿದವರೂ ಅಲ್ಲ. ಆದರೂ ಮನೆಬಾಗಿಲಲ್ಲಿ ನಿಂತು ಉತ್ತರ ಹೇಳಬೇಕಾದವರು ಅವರೇ. ರಿಪೇರಿಯವರು ಕೆಪಾಸಿಟರ್ ಬದಲಿಸಬಲ್ಲರು, ಪವರ್ ಸಪ್ಲೈ ಸರಿಮಾಡಬಲ್ಲರು. ಆದರೆ ಕಂಪನಿಯ ಸಹಿಯಿಲ್ಲದ ತಂತ್ರಾಂಶವನ್ನು ಬಾಕ್ಸ್ ಸ್ವೀಕರಿಸುವುದಿಲ್ಲ. ಈ ಬೀಗಕ್ಕೆ ನ್ಯಾಯವಾದ ಕಾರಣವೂ ಇದೆ: ಕಳ್ಳ ತಂತ್ರಾಂಶ ಹಾಕಿ ಮನೆಯ ಸಾಧನಗಳನ್ನು ದುರುಪಯೋಗ ಮಾಡುವವರಿದ್ದಾರೆ. ಹಾಗಿದ್ದರೂ ಸಹಿ ಮಾಡಿದ ಮೂಲ ತಂತ್ರಾಂಶವನ್ನೇ ಪೆನ್‌ಡ್ರೈವ್‌ನಲ್ಲಿ ರಿಪೇರಿಯವರಿಗೆ ಕೊಟ್ಟರೆ ಭದ್ರತೆಗೇನೂ ಧಕ್ಕೆಯಾಗದು. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್ 24ರಂದು ಆರಂಭಿಸಿದ ದುರಸ್ತಿ ಹಕ್ಕಿನ ಪೋರ್ಟಲ್‌ನ ಆಶಯವನ್ನು ಇಲ್ಲಿಗೂ ವಿಸ್ತರಿಸಬೇಕು. ಇನ್ನೊಂದು ಸೂಕ್ಷ್ಮವಿದೆ. ಡಿಶ್ ಸಿಗ್ನಲ್ಲನ್ನು ಸ್ವೀಕರಿಸುತ್ತದೆ, ಕಳುಹಿಸುವುದಿಲ್ಲ. ಇಂಟರ್‌ನೆಟ್ ಇಲ್ಲದ ಬಾಕ್ಸ್ ಸತ್ತರೆ ಕಂಪನಿಗೆ ತಿಳಿಯುವುದು ದೂರಿನ ಕರೆಯಿಂದ ಮಾತ್ರ. ಜಗಳೂರಿನ ಹಳ್ಳಿಯೊಂದರಲ್ಲಿ ಕೆಟ್ಟ ಬಾಕ್ಸನ್ನು ರಿಪೇರಿಯವರು ಪಕ್ಕಕ್ಕಿಟ್ಟು ಹೊಸದನ್ನು ಕೊಡಿಸಿದರೆ, ಕಂಪನಿಯ ಲೆಕ್ಕದಲ್ಲಿ ಆ ಅಪ್‌ಡೇಟ್ ಯಶಸ್ವಿ.

ಕಾನೂನು ಎಷ್ಟು ನೆರವಾಗುತ್ತದೆ? 2020ರ ಜುಲೈ 20ರಿಂದ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ ಉತ್ಪನ್ನ ಹೊಣೆಗಾರಿಕೆಯ ಪ್ರತ್ಯೇಕ ಅಧ್ಯಾಯವಿದೆ. ಅದನ್ನು ನಂಬಿ ಹೋದರೆ ನಿರಾಸೆಯೇ ಹೆಚ್ಚು. ಕಲಂ 2(22)ರ ವ್ಯಾಖ್ಯೆಯ ಪ್ರಕಾರ ಉತ್ಪನ್ನಕ್ಕೇ ಆದ ನಷ್ಟ ಆ ಅಧ್ಯಾಯದ ‘ಹಾನಿ’ಯೊಳಗೆ ಬರುವುದಿಲ್ಲ. ಟಿ.ವಿ. ಸಿಡಿದು ಮನೆ ಸುಟ್ಟರೆ ಅದು ಅನ್ವಯಿಸೀತು; ಟಿ.ವಿ. ಸುಮ್ಮನೆ ಸತ್ತರೆ ಇಲ್ಲ. ಹೀಗಾಗಿ ದೂರನ್ನು ಕಲಂ 2(10)ರ ದೋಷ, ಕಲಂ 2(11)ರ ಸೇವಾ ನ್ಯೂನತೆ ಎಂಬ ನೆಲೆಯಲ್ಲೇ ಕಟ್ಟಬೇಕು. ಸಂಬಂಧಿಸಿದ ಮಾಹಿತಿಯನ್ನು ಬೇಕೆಂದೇ ಮುಚ್ಚಿಡುವುದನ್ನೂ ಎರಡನೆಯದು ನ್ಯೂನತೆ ಎನ್ನುತ್ತದೆ. ಅಪ್‌ಡೇಟಿನ ಅಪಾಯ ಗೊತ್ತಿದ್ದೂ ಹೇಳದಿರುವುದು ಇದರಡಿ ಬರಬೇಕೆಂಬುದು ನನ್ನ ವಾದ. ತಂತ್ರಾಂಶ ಸರಕೇ ಅಲ್ಲ ಎಂಬ ಆಕ್ಷೇಪಕ್ಕೂ ಉತ್ತರವಿದೆ: ಟಾಟಾ ಕನ್ಸಲ್ಟೆನ್ಸಿ ಸರ್ವಿಸಸ್ ಮತ್ತು ಆಂಧ್ರಪ್ರದೇಶ ರಾಜ್ಯದ ನಡುವಿನ ಮೊಕದ್ದಮೆಯಲ್ಲಿ 2004ರಲ್ಲಿ ಸುಪ್ರೀಂ ಕೋರ್ಟ್ ಸಿದ್ಧ ತಂತ್ರಾಂಶವನ್ನು ಮಾರಾಟ ತೆರಿಗೆಯ ಮಟ್ಟಿಗೆ ಸರಕೆಂದೇ ಹೇಳಿದೆ.

ಗ್ರಾಹಕರು ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಶಿವಮೊಗ್ಗದಲ್ಲಿ ಟಿ.ವಿ. ಕೊಂಡ ನ್ಯಾಮತಿಯವರು ದಾವಣಗೆರೆಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು, ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿಯೂ ಅಹವಾಲು ದಾಖಲಿಸಬಹುದು. ಐದು ಲಕ್ಷ ರೂಪಾಯಿವರೆಗಿನ ವಸ್ತುವಿಗೆ ಆಯೋಗದಲ್ಲಿ ಶುಲ್ಕವಿಲ್ಲ. ಎರಡು ವರ್ಷದೊಳಗೆ ದೂರು ಕೊಡಬೇಕು. ಕಷ್ಟ ಬರುವುದು ಸಾಕ್ಷ್ಯದಲ್ಲಿ. ಕಲಂ 38ರ ಪ್ರಕಾರ ದೋಷಪರೀಕ್ಷೆಗೆ ವಸ್ತುವನ್ನು ಪ್ರಯೋಗಾಲಯಕ್ಕೆ ಕಳುಹಿಸಬಹುದು. ಆದರೆ ಅರ್ಧ ಬರೆದ ಮೆಮೊರಿಯನ್ನು ನೋಡಿ ಅದು ಕರೆಂಟ್ ಹೋದದ್ದರಿಂದಲೋ ತಂತ್ರಾಂಶದ ತಪ್ಪಿನಿಂದಲೋ ಎಂದು ಹೇಳುವುದು ಪ್ರಯೋಗಾಲಯಕ್ಕೂ ಸುಲಭವಲ್ಲ. ಯಾವ ದಿನ ಯಾವ ಆವೃತ್ತಿಯನ್ನು ಕಳುಹಿಸಲಾಯಿತು, ಅದನ್ನು ಹಿಂತೆಗೆದುಕೊಂಡರೇ, ಆ ವಾರ ಎಷ್ಟು ದೂರಿನ ಕರೆಗಳು ಬಂದವು ಎಂಬ ದಾಖಲೆ ಕಂಪನಿಯ ಬಳಿ ಮಾತ್ರ ಇರುತ್ತದೆ. ದಾಖಲೆ ಹಾಜರುಪಡಿಸುವಂತೆ ಆದೇಶಿಸಲು ಸಿವಿಲ್ ನ್ಯಾಯಾಲಯಕ್ಕಿರುವ ಅಧಿಕಾರವನ್ನು ಅದೇ ಕಲಂ ಆಯೋಗಕ್ಕೆ ಕೊಟ್ಟಿದೆ. ಬಾಕ್ಸ್‌ನ ಸೀರಿಯಲ್ ನಂಬರ್, ಪರದೆಯ ಮೇಲೆ ಕಂಡ ಸಂದೇಶದ ಫೋಟೊ ಮತ್ತು ತಾರೀಖಿನ ಜೊತೆಗೆ ಆ ದಾಖಲೆಗಳ ಬೇಡಿಕೆಯನ್ನೂ ಮೊದಲ ದೂರಿನಲ್ಲೇ ಬರೆಯಬೇಕು.